ಉಂಡು ಹೋಗುವುದು, ಕೊಂಡು ಹೋಗುವುದು

ಭಾನುವಾರ ಬೆಳಗಿನ ಇಡ್ಲಿಯ ಲೆಕ್ಕ ಶನಿವಾರ ಸಂಜೆಯೇ ಮುಗಿದುಹೋಗಿರುತ್ತದೆ. ಬಿಡದಿಯ ಆಸುಪಾಸಿನಲ್ಲೋ, ಕನಕಪುರ ರಸ್ತೆಯಲ್ಲೋ, ಮಾಗಡಿಯ ಸಾವನದುರ್ಗದ ಕಡೆಗೋ ಇರುವ ರೆಸಾರ್ಟುಗಳ ಅಡುಗೆಮನೆಯಲ್ಲಿ ಇದನ್ನು ಕಾಣಬಹುದು. ಎಷ್ಟು ಕೋಣೆ ಭರ್ತಿಯಾಗಿವೆ, ಮಕ್ಕಳೆಷ್ಟು, ದೊಡ್ಡವರೆಷ್ಟು ಎಂದು ರಿಸೆಪ್ಷನ್ನಿನಿಂದ ಒಳಗೆ ಸುದ್ದಿ ಹೋಗುತ್ತದೆ. ಆ ತಲೆಲೆಕ್ಕ ನೋಡಿಕೊಂಡು ನೆನೆದ ಅಕ್ಕಿ, ಉದ್ದು ರುಬ್ಬಿ, ಹಿಟ್ಟು ಹುದುಗು ಬರಲು ಬಿಡುತ್ತಾರೆ. ಬೆಳಿಗ್ಗೆ ಒಂಬತ್ತೂವರೆಗೆ ಏನಾದರೂ ಸಾಲದೆ ಬಂದರೆ ಇನ್ನೊಂದು ಬಾಣಲೆ ಉಪ್ಪಿಟ್ಟು ಕೆದಕಬಹುದು, ಬ್ರೆಡ್ಡು ಸುಡಬಹುದು. ಇಡ್ಲಿ ಹಿಟ್ಟನ್ನು ಮಾತ್ರ ನಿಂತ ಕಾಲಲ್ಲಿ ಹುಟ್ಟಿಸುವಂತಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಬಫೆಯ ಮುಂದೆ ತಟ್ಟೆ ಹಿಡಿದು ನಿಂತವರಿಗೆ ಆ ಲೆಕ್ಕ ಕಾಣುವುದಿಲ್ಲ. ಕಾಣುವುದು ಮುಚ್ಚಳ ತೆರೆದರೆ ಹಬೆಯಾಡುವ ಪಾತ್ರೆಗಳ ಸಾಲು. ಇಡ್ಲಿ, ವಡೆ, ಪೊಂಗಲ್, ಕೇಸರಿಬಾತು, ಹೆಚ್ಚಿಟ್ಟ ಹಣ್ಣು. ಖಾಲಿಯಾದರೆ ಒಳಗಿನಿಂದ ಮತ್ತೆ ಬರುತ್ತದೆ. ಬಡಿಸುವವರು ಯಾರೂ ಇಲ್ಲ, ಸಾಕು ಅನ್ನುವವರೂ ಇಲ್ಲ. ಇಂಥ ಕಡೆ ಸಾಕು ಅನ್ನುವ ಕೆಲಸ ಪೂರ್ತಿ ನಮ್ಮ ಮೇಲೆಯೇ ಬೀಳುತ್ತದೆ. ಪಂಕ್ತಿಯಲ್ಲಿ ಕೂತು ಉಂಡು ಬೆಳೆದ ನಮಗೆ ಇದು ಹೊಸ ಜವಾಬ್ದಾರಿ. ಅಲ್ಲಿ ಎಲೆಯ ಮೇಲೆ ಅಡ್ಡ ಕೈ ಹಿಡಿದರೆ ಸೌಟು ಮುಂದೆ ಹೋಗುತ್ತಿತ್ತು. ಒತ್ತಾಯ ಮಾಡುವುದು ಬಡಿಸುವವರ ಧರ್ಮ, ಬೇಡ ಅನ್ನುವುದು ಉಣ್ಣುವವರ ಧರ್ಮ. ಬಫೆಯಲ್ಲಿ ಎರಡೂ ಧರ್ಮ ಒಬ್ಬರ ಕೈಯಲ್ಲೇ.

ತಿಂಡಿ ಮುಗಿಸಿ ಏಳುವಾಗ ನಾಲ್ಕು ವಡೆ, ಎರಡು ಬಾಳೆಹಣ್ಣು, ಬೆಣ್ಣೆಯ ಪುಟ್ಟ ಪೊಟ್ಟಣಗಳು ಮೆಲ್ಲಗೆ ಕೈಚೀಲ ಸೇರುವುದುಂಟು. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ದುಡ್ಡು ಕೊಟ್ಟಿಲ್ಲವೇ? ಕೊಟ್ಟಿದ್ದೇವೆ. ಆದರೆ ಯಾವುದಕ್ಕೆ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಲೆಕ್ಕ ಸರಳ. ಇಷ್ಟು ಇಡ್ಲಿಗೆ ಇಷ್ಟು ದುಡ್ಡು. ಅಲ್ಲೇ ತಿನ್ನಿ, ಕಟ್ಟಿಸಿಕೊಂಡು ಹೋಗಿ, ದಾರಿಯಲ್ಲಿ ಸಿಕ್ಕವರಿಗೆ ಕೊಡಿ, ಯಾರೂ ಕೇಳುವುದಿಲ್ಲ. ಬಫೆಯ ಬೆಲೆ ಹಾಗೆ ಕಟ್ಟಿದ್ದಲ್ಲ. ಒಬ್ಬರು ಎರಡು ಇಡ್ಲಿ ತಿಂದು ಏಳುತ್ತಾರೆ, ಇನ್ನೊಬ್ಬರು ಆರು ತಿನ್ನುತ್ತಾರೆ, ಮಗು ಒಂದು ಹೋಳು ಕಲ್ಲಂಗಡಿ ಹಿಡಿದು ಓಡುತ್ತದೆ. ಎಲ್ಲರ ಹೊಟ್ಟೆಯನ್ನೂ ಕೂಡಿಸಿ ಭಾಗಿಸಿದ ಬೆಲೆ ಅದು. ಎರಡೇ ಇಡ್ಲಿ ತಿಂದ ಅಜ್ಜಿಯ ದುಡ್ಡಿನಲ್ಲಿ ಆರು ತಿಂದ ಯುವಕನ ಪಾಲೂ ಇದೆ. ಅಜ್ಜಿ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಹಸಿದವನು ತಿಂದ ಅಷ್ಟೇ. ಆ ಹೊಂದಾಣಿಕೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಇಲ್ಲಿ ಕೂತು, ಈ ಹೊತ್ತಿನ ಹಸಿವಿಗೆ ತಿನ್ನುತ್ತಾರೆ ಎಂಬ ನಂಬಿಕೆ. ಡಬ್ಬಿ ಹೊರಗೆ ಬಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ಹೊಟ್ಟೆಗೆ ಒಂದು ಅಳತೆ ಇದೆ, ಡಬ್ಬಿಗೆ ಇಲ್ಲ. ಉಂಡೂ ಹೋದ ಕೊಂಡೂ ಹೋದ ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಹಾಗೆಂದು ಒಂದು ಇಡ್ಲಿ ಕಟ್ಟಿಕೊಂಡವರನ್ನೆಲ್ಲ ಕಳ್ಳರಂತೆ ನೋಡುವುದು ನನಗೆ ಒಪ್ಪುವುದಿಲ್ಲ. ಈ ಸೀಮೆಯ ಕೈಗಳಿಗೆ ಹಸಿವಿನ ನೆನಪಿದೆ. ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣದ ಹೊಲಗಳು ಬಹುಪಾಲು ಮಳೆ ನಂಬಿದ ರಾಗಿ ಹೊಲಗಳು. 1876ರಿಂದ 1878ರವರೆಗಿನ ಬರ ಧಾತು ಈಶ್ವರದ ಬರ ಎಂದೇ ಜನರ ಬಾಯಲ್ಲಿ ಉಳಿಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಮೇಲಿನ ತಲೆಮಾರುಗಳು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಾಡಿಕೊಂಡವು. ಇದ್ದಾಗ ಒಂದಿಷ್ಟು ಎತ್ತಿಡಬೇಕು, ನಾಳೆ ಹೇಗೋ ಏನೋ ಎಂಬುದು ಆ ಮನೆಗಳಲ್ಲಿ ಬೆಳೆದವರಿಗೆ ರಕ್ತದಲ್ಲೇ ಬಂದಿರುತ್ತದೆ. ಮಗ ದೊಡ್ಡ ಕಂಪನಿಯಲ್ಲಿದ್ದಾನೆ, ತಾಯಿಯನ್ನು ರೆಸಾರ್ಟಿಗೆ ಕರೆತಂದಿದ್ದಾನೆ. ಆ ತಾಯಿಯ ಕೈ ತಾನಾಗಿಯೇ ಎರಡು ಇಡ್ಲಿಯನ್ನು ಸೆರಗಿನ ಮರೆಗೆ ಸರಿಸುತ್ತದೆ. ಅದನ್ನು ದುರಾಸೆ ಎಂದು ಕರೆಯಲು ನನ್ನಿಂದ ಆಗದು.

ಕನಕಪುರದ ಕಡೆಯ ಒಂದು ರೆಸಾರ್ಟಿನಲ್ಲಿ ಕಂಡದ್ದು ನೆನಪಿದೆ. ಅರವತ್ತು ದಾಟಿದ ಹೆಂಗಸೊಬ್ಬರು ಪೇಪರ್ ಕರ್ಚೀಫಿನಲ್ಲಿ ಎರಡು ಇಡ್ಲಿ ಸುತ್ತುತ್ತಿದ್ದರು. ಕಾಗದ ಹಬೆಗೆ ನೆಂದು ಇಡ್ಲಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಪಾತ್ರೆ ತುಂಬಿಸುತ್ತಿದ್ದ ಹುಡುಗ ಅದನ್ನು ನೋಡಿದ. ಅವರಿಗೆ ಮುಜುಗರವಾಯಿತು.

“ಬಿಪಿ, ಶುಗರು ಎರಡೂ ಐತೆ ಮಗಾ. ಹನ್ನೊಂದು ಗಂಟೆಗೆ ಏನಾದ್ರೂ ತಿನ್ಲೇಬೇಕು. ಸಂಗಮಕ್ಕೆ ಹೋಗ್ತಾ ಇದೀವಿ, ದಾರೀಲಿ ಏನು ಸಿಕ್ತದೋ ಏನೋ” ಅಂದರು.

“ಅದಕ್ಕೇನಮ್ಮ, ಡಬ್ಬಿ ಇದ್ರೆ ಕೊಡಿ, ಬಿಸಿದು ಹಾಕಿಕೊಡ್ತೀನಿ. ಚಟ್ನಿ ಬೇಡ, ಬಿಸಿಲಿಗೆ ಹಳಸೋಗ್ತದೆ. ಚಟ್ನಿಪುಡಿ ಹಾಕ್ತೀನಿ” ಅಂದ ಹುಡುಗ.

ಕಾಗದ ಅಂಟಿದ್ದ ಇಡ್ಲಿಗಳನ್ನು ತೆಗೆದುಕೊಂಡು, ಒಳಗೆ ಹೋಗಿ ಡಬ್ಬಿ ತುಂಬಿ ತಂದ. ಎಣ್ಣೆ ಕಲಸಿದ ಪುಡಿಯನ್ನು ಇಡ್ಲಿಗಳ ಮಧ್ಯಕ್ಕೆ ಸವರಿದ್ದ. ಆ ಹೆಂಗಸು ಡಬ್ಬಿಯನ್ನು ಚೀಲದೊಳಗೆ ಬಚ್ಚಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೊರಟರು.

ಅದೇ ಎರಡು ಇಡ್ಲಿ. ಬದಲಾದದ್ದು ಕೊಟ್ಟ ಕೈ. ನಮ್ಮ ಮನೆಗಳಿಂದ ಹೊರಟವರಾರೂ ಬರಿಗೈಯಲ್ಲಿ ಹೋದದ್ದಿಲ್ಲ. ದಾರಿಗೆಂದು ಬುತ್ತಿ ಕಟ್ಟುವುದು ಆತಿಥ್ಯದ ಕೊನೆಯ ಸೇವೆ. ಬೀಗರೂಟ ಮುಗಿಸಿ ಹೊರಟವರಿಗೂ, ಬರಲಾಗದೆ ಮನೆಯಲ್ಲೇ ಉಳಿದ ಮುದುಕರಿಗೆಂದು ಒಂದು ಪಾತ್ರೆಯಲ್ಲಿ ಹಾಕಿಕೊಡುತ್ತಾರೆ. ಆದರೆ ಬುತ್ತಿಯನ್ನು ಮನೆಯವರು ಕಟ್ಟಬೇಕು. ನೆಂಟರೇ ಅಡುಗೆಮನೆಗೆ ನುಗ್ಗಿ ಬಾಚಿಕೊಂಡರೆ ಅದು ಬುತ್ತಿಯಾಗುವುದಿಲ್ಲ.

ಪಾಲಿನ ವಿಷಯದಲ್ಲಿ ನಮ್ಮ ಹಳ್ಳಿಗಳಿಗೆ ಇರುವ ಸೂಕ್ಷ್ಮ ದೊಡ್ಡದು. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಈ ಕಡೆ ಗುಡ್ಡೆ ಬಾಡು ಹಾಕುತ್ತಾರೆ. ಹತ್ತಾರು ಮನೆಯವರು ಚೀಟಿ ಕಟ್ಟಿ ಕುರಿಯನ್ನೋ ಮೇಕೆಯನ್ನೋ ತಂದು, ಕೊಯ್ದು, ಮಾಂಸವನ್ನು ಎಲೆಯ ಮೇಲೋ ಹಾಸಿನ ಮೇಲೋ ಸಮನಾದ ಗುಡ್ಡೆಗಳಾಗಿ ಇಡುತ್ತಾರೆ. ಒಂದು ಗುಡ್ಡೆಗೆ ಈಲಿಯ ಚೂರು ಬಿದ್ದರೆ ಎಲ್ಲ ಗುಡ್ಡೆಗೂ ಬೀಳಬೇಕು. ಮೂಳೆಯೂ ಹಾಗೆ, ಕೊಬ್ಬೂ ಹಾಗೆ. ತಕ್ಕಡಿ ಇಲ್ಲದೆ ಬರಿಗಣ್ಣಲ್ಲಿ ನಡೆಯುವ ಈ ಹಂಚಿಕೆಯಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ಪಕ್ಕದವನ ಪಾಲು ಕಣ್ಣೆದುರಿಗೇ ಇರುತ್ತದೆ. ಬಫೆಯಲ್ಲಿ ಪಕ್ಕದವರ ಗುಡ್ಡೆ ಕಾಣುವುದಿಲ್ಲ, ತೊಡಕೆಲ್ಲ ಅಲ್ಲೇ. ಹತ್ತು ಗಂಟೆಗೆ, ಮಗುವನ್ನು ಎಬ್ಬಿಸಿ ಮುಖ ತೊಳೆಸಿ ಕರೆತರುವ ಕೊನೆಯ ಸಂಸಾರದ ಪಾಲೂ ಆ ಪಾತ್ರೆಯಲ್ಲಿ ಇದೆ ಎಂದು ನಾವೇ ನೆನೆದುಕೊಳ್ಳಬೇಕು.

ಹೆಚ್ಚು ತರುವುದರ ಬಗ್ಗೆ ಕನ್ನಡದವರಿಗೆ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ಗುರು ಯಾರಿದ್ದಾರೆ? ಹನ್ನೆರಡನೆಯ ಶತಮಾನದಲ್ಲಿ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಲಕ್ಕಮ್ಮ ಮತ್ತು ಮಾರಯ್ಯ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ನೆಲಕ್ಕೆ ಬಿದ್ದಿದ್ದ ಅಕ್ಕಿ. ಬಸವಣ್ಣನೇ ಹೆಚ್ಚು ಚೆಲ್ಲಿಸಿದ್ದ ಎಂದೂ ಕಥೆಯಲ್ಲಿ ಹೇಳುತ್ತಾರೆ. ಲಕ್ಕಮ್ಮ ನೋಡಿದಳು. ಇಷ್ಟು ನಮಗೆ ಯಾಕೆ, ಎಂದಿನಷ್ಟು ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಮನೆಯಲ್ಲಿ ನಾಳೆಗೆ ಕೂಡಿಟ್ಟದ್ದೇನೂ ಇರಲಿಲ್ಲ ಎಂಬುದನ್ನು ನೆನೆದರೆ ಆ ಮಾತಿನ ತೂಕ ಗೊತ್ತಾಗುತ್ತದೆ. ತುಂಬಿದ ಮನೆಯವರು ಸಾಕು ಅನ್ನುವುದು ಸುಲಭ. ಬಡವಿ ಲಕ್ಕಮ್ಮ ಅಂದದ್ದರಿಂದ ಎಂಟುನೂರು ವರ್ಷ ದಾಟಿಯೂ ಅದು ನಮ್ಮ ಕಿವಿಯಲ್ಲಿದೆ. ಅವಳ ಅಳತೆ ಅಂದಿನ ದಾಸೋಹಕ್ಕೆ ಎಷ್ಟು ಬೇಕೋ ಅಷ್ಟು. ಸಿಗುತ್ತದೆ ಎಂಬುದು ಅವಳಿಗೆ ಕಾರಣವಾಗಲಿಲ್ಲ.

ಅದೇ ದಾಸೋಹವನ್ನು ನಮ್ಮ ಕಾಲದಲ್ಲಿ ಕಣ್ಣಾರೆ ತೋರಿಸಿದವರು ಈ ಮಣ್ಣಿನವರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 1907ರ ಏಪ್ರಿಲ್ 1ರಂದು. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು ಬಿಡದಿ ಹೋಬಳಿಯ ಬಾನಂದೂರಿನವರು. ಎರಡೂ ಮಠಗಳಲ್ಲಿ ಬಂದವರಿಗೆ ಊಟ ಇಲ್ಲ ಎಂಬ ಮಾತಿಲ್ಲ. ಸಿದ್ಧಗಂಗೆಯಲ್ಲಿ ಹತ್ತು ಸಾವಿರದಷ್ಟು ಮಕ್ಕಳು ದಿನವೂ ಉಣ್ಣುತ್ತಾರೆ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಸ್ವಾಮಿಗಳು ಲಿಂಗೈಕ್ಯರಾದಾಗ ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಿದರು. ಅದು ಸ್ವಾಮಿಗಳದೇ ಇಚ್ಛೆಯಾಗಿತ್ತು ಎಂದು ಅಂದು ಹೇಳಿದರು. ತನ್ನ ಸಾವಿನ ಸುದ್ದಿಯಿಂದ ಯಾವ ಮಗುವೂ ಅರ್ಧ ತಟ್ಟೆಗೆ ಎದ್ದು ಹೋಗಬಾರದು ಎಂದುಕೊಂಡವರ ಊರು ನಮ್ಮ ರೆಸಾರ್ಟುಗಳಿಂದ ಬಹಳ ದೂರವೇನಿಲ್ಲ.

ಅರ್ಧ ತಟ್ಟೆ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಕಟ್ಟಿಕೊಂಡು ಹೋದ ಇಡ್ಲಿಗಿಂತ ತಟ್ಟೆಯಲ್ಲಿ ಬಿಟ್ಟು ಎದ್ದ ಇಡ್ಲಿ ನನ್ನನ್ನು ಹೆಚ್ಚು ನೋಯಿಸುತ್ತದೆ. ಬಫೆಯ ಮೇಜುಗಳಿಂದ ತಟ್ಟೆ ಎತ್ತುವವರ ಬುಟ್ಟಿ ನೋಡಿದ್ದೀರಾ? ಒಂದೇ ಕಡೆ ಕಚ್ಚಿದ ವಡೆ, ಮುಟ್ಟದ ದೋಸೆ, ಜೇನು ಸುರಿದು ಮರೆತ ಬ್ರೆಡ್ಡು, ರುಚಿ ನೋಡಲು ಬಡಿಸಿಕೊಂಡು ಬದಿಗೆ ತಳ್ಳಿದ ಕೇಸರಿಬಾತು. 2012ರ ಸುಮಾರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ನಗರದ ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ, ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಕಸಕ್ಕೆ ಹೋಗುತ್ತಿದೆ ಎಂದು ಲೆಕ್ಕ ಹಾಕಿದ್ದರು. ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. 2022ರಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು, ಅದರಲ್ಲಿ ಶೇಕಡ 28ರಷ್ಟು ಹೋಟೆಲು, ಕ್ಯಾಂಟೀನುಗಳಂಥ ಕಡೆ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಹೇಳಿದೆ. ಕದ್ದು ಒಯ್ದವರು ಕೊನೆಗೆ ಒಬ್ಬರ ಹಸಿವಿಗಾದರೂ ಒಯ್ದಿರಬಹುದು. ಬಿಟ್ಟು ಎದ್ದವರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಆದರೂ ಮೊದಲನೆಯವರಿಗೆ ನಾಚಿಕೆ, ಎರಡನೆಯವರಿಗೆ ಇಲ್ಲ. ಇದು ನ್ಯಾಯವಲ್ಲ ಅನ್ನಿಸುತ್ತದೆ.

ಒಯ್ದದ್ದೆಲ್ಲ ಹೊಟ್ಟೆ ಸೇರುವುದೂ ಇಲ್ಲ. ತೆಂಗಿನಕಾಯಿ ಚಟ್ನಿ ಕಾರಿನ ಕಾವಿಗೆ ಮಧ್ಯಾಹ್ನದೊಳಗೆ ಕೆಡುತ್ತದೆ. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ ಇಟ್ಟಿರಬೇಕು ಎಂದೇ ಬಫೆ ಪಾತ್ರೆಗಳ ಕೆಳಗೆ ಉರಿಯೋ ಬಿಸಿನೀರೋ ಇರುತ್ತದೆ. ಪಾತ್ರೆಯಿಂದ ಹೊರಬಂದ ಮೇಲೆ ಆ ಕಾವಲು ಇಲ್ಲ. ಒಯ್ಯಬೇಡಿ ಎಂದು ಹೋಟೆಲಿನವರು ಹೇಳುವುದರ ಹಿಂದೆ ಜಿಪುಣತನ ಮಾತ್ರವಲ್ಲ, ತಿಂದು ಹೊಟ್ಟೆ ಕೆಟ್ಟರೆ ಹೊಣೆ ಯಾರದು ಎಂಬ ಭಯವೂ ಇದೆ. ಕೊನೆಗೆ ರಾಮದೇವರ ಬೆಟ್ಟದ ಮೆಟ್ಟಿಲ ಬಳಿಯೋ ಮೇಕೆದಾಟಿನ ದಾರಿಯಲ್ಲೋ ಆ ಪೊಟ್ಟಣ ಕೋತಿಗಳ ಪಾಲಾಗುತ್ತದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ರಕ್ಷಿತ ಧಾಮ. ಅಲ್ಲಿ ನಮ್ಮ ವಡೆ, ಪ್ಲಾಸ್ಟಿಕ್ ಚೀಲ ಎರಡಕ್ಕೂ ಜಾಗವಿಲ್ಲ.

ಆ ಹುಡುಗನ ವಿಷಯ ಮತ್ತೆ ಮನಸ್ಸಿಗೆ ಬರುತ್ತದೆ. ಈ ರೆಸಾರ್ಟುಗಳಲ್ಲಿ ಪಾತ್ರೆ ತುಂಬಿಸುವವರು, ಮೇಜು ಒರೆಸುವವರು ಹಲವರು ಸುತ್ತಲ ಹಳ್ಳಿಯ ಮಕ್ಕಳೇ. ಅತಿಥಿ ಚೀಲ ತುಂಬಿಸಿಕೊಳ್ಳುವುದನ್ನು ಕಂಡರೂ ಅವರು ಬಾಯಿಬಿಟ್ಟು ಬೇಡ ಅನ್ನುವಂತಿಲ್ಲ. ಕಡಿಮೆ ಬಿದ್ದರೆ ಮೇಲಿನವರು ಕೇಳುವುದೂ ಇವರನ್ನೇ. ನಾವು ಕೇಳದೆ ಒಯ್ದಾಗ ಇಕ್ಕಟ್ಟಿಗೆ ಸಿಲುಕುವವರು ಮಾಲೀಕರಲ್ಲ, ಹದಿನೆಂಟು ಇಪ್ಪತ್ತರ ಈ ಮಕ್ಕಳು. ಕೇಳಿದರೆ ಮಾತ್ರ ಅವರಿಗೂ ಒಂದು ದಾರಿ ಇರುತ್ತದೆ. ಮೇಲಿನವರನ್ನು ವಿಚಾರಿಸಿ ಕೊಡಬಹುದು, ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳಲೂಬಹುದು. ಆಗುವುದಿಲ್ಲ ಅಂದರೆ ಅಲ್ಲಿಗೆ ಬಿಡಬೇಕು. ಮಗುವಿಗೆಂದು ಒಂದು ಬಾಳೆಹಣ್ಣು ಕೈಯಲ್ಲಿ ಹಿಡಿದು ಹೊರಬಂದರೆ ಯಾವ ಹೋಟೆಲಿನವರೂ ಬೇಜಾರು ಮಾಡಿಕೊಳ್ಳಲಾರರು ಎಂದು ನನ್ನ ನಂಬಿಕೆ.

ಹೋಟೆಲು ನಡೆಸುವವರಲ್ಲೂ ಒಂದು ಕೋರಿಕೆ ಇದೆ. ದೊಡ್ಡ ತಟ್ಟೆಗಳ ಬದಲು ಸ್ವಲ್ಪ ಚಿಕ್ಕವನ್ನು ಇಡಿ. ಹತ್ತು ಗಂಟೆಯ ಮೇಲೆ ಪಾತ್ರೆಗಳನ್ನು ಅರ್ಧಕ್ಕಷ್ಟೇ ತುಂಬಿಸಿ. ಮುಟ್ಟದೆ ಉಳಿದ ಆಹಾರವನ್ನು ಸುರಕ್ಷಿತವಾಗಿ ಹಂಚಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲೇ ನಿಯಮ ಮಾಡಿದೆ, ಅದನ್ನು ನಿಮ್ಮ ಅಡುಗೆಮನೆಗೂ ತನ್ನಿ. ದಾರಿಗೆ ತಿಂಡಿ ಬೇಕಾದವರು ಕೇಳಿ, ಕಟ್ಟಿಕೊಡುತ್ತೇವೆ ಎಂದು ಕನ್ನಡದಲ್ಲಿ ಒಂದು ಫಲಕ ಬರೆದು ಬಫೆಯ ಪಕ್ಕ ಇಡಿ. ಅದಕ್ಕೆ ಒಂದಿಷ್ಟು ಬೆಲೆ ಇಟ್ಟರೂ ತಪ್ಪಿಲ್ಲ. ಕೇಳುವವರು ಸೆರಗು ಮರೆ ಮಾಡಿಕೊಳ್ಳಬೇಕಾಗುವುದಿಲ್ಲ, ಕೊಡುವ ಹುಡುಗನೂ ಮೇಲಿನವರ ಮುಖ ನೋಡಬೇಕಾಗುವುದಿಲ್ಲ.