ಕಡೆಯ ಕಾಳಗ

ಕಥೆ ಮುಗಿಯುವ ಮುನ್ನ ನಾಯಕನೂ ಪ್ರತಿನಾಯಕನೂ ಎದುರುಬದುರಾಗಿ ನಿಂತು ಒಮ್ಮೆ ಕಾದಲೇಬೇಕೆಂಬುದು ಬಹು ಹಳೆಯ ಕಟ್ಟಳೆ. ರಾಮಾಯಣಕ್ಕೆ ರಾವಣವಧೆಯುಂಟು, ಭಾರತಕ್ಕೆ ಗದಾಯುದ್ಧವುಂಟು, ದೊಡ್ಡಾಟಕ್ಕೆ ಕೋಳಿ ಕೂಗುವ ಹೊತ್ತಿನ ರಕ್ಕಸಸಂಹಾರವುಂಟು. ಈಗಿನ ತರುಣರು ತೆರೆಯ ಮೇಲೆ ಆಡುವ ವಿಡಿಯೋ ಗೇಮುಗಳಲ್ಲಿಯೂ ಹಂತಹಂತಗಳನ್ನು ದಾಟಿ ಬಂದವನಿಗೆ ಕಟ್ಟಕಡೆಗೆ ಒಬ್ಬ ಮಹಾಶತ್ರು ಕಾದಿರುತ್ತಾನೆ. ಅವನೊಡನೆ ನಡೆಯುವ ಹೋರಾಟಕ್ಕೆ ‘ಬಾಸ್ ಫೈಟ್’ ಎಂದು ಹೆಸರು. ಹೆಸರು ಹೊಸದು, ವಸ್ತು ಹಳೆಯದು. ಇಂತಹ ಕಡೆಯ ಕಾಳಗವು ನೋಡುವವನಿಗೂ ಆಡುವವನಿಗೂ ತೃಪ್ತಿಯನ್ನು ಕೊಡುವುದೋ ಅಥವಾ ಬರಿಯ ಬೇಸರವನ್ನು ತರುವುದೋ ಎಂಬ ಚರ್ಚೆಯು ತರುಣರ ನಡುವೆ ಆಗಾಗ ಹುಟ್ಟುವುದುಂಟು. ಹಿರಿಯರು ಇದನ್ನು ಮಕ್ಕಳ ಹರಟೆಯೆಂದು ತಳ್ಳಿಬಿಡಬಾರದು. ಕಥೆಯಲ್ಲಿ ಜಗಳವು ಹೇಗೆ ಮುಗಿಯಬೇಕೆಂದು ಮನುಷ್ಯನು ಬಯಸುವನೋ ಬಾಳಿನಲ್ಲಿಯೂ ಹಾಗೆಯೇ ಮುಗಿಯಬೇಕೆಂದು ಬಯಸುವನು. ಆದುದರಿಂದ ಪ್ರಶ್ನೆಯು ವಿನೋದದ್ದಾಗಿ ತೋರಿದರೂ ಧರ್ಮವಿಚಾರಕ್ಕೆ ಹೊರತಾದುದಲ್ಲ.

ಮೊದಲು ತೃಪ್ತಿಯ ಪಕ್ಷವನ್ನು ನೋಡಬಹುದು. ಕಥೆಯುದ್ದಕ್ಕೂ ಕಟ್ಟಿಕೊಂಡು ಬಂದ ಕೋಪ, ಭಯ, ಆಸೆಗಳಿಗೆ ಒಂದು ನೆಲೆ ಬೇಕು. ಸಭೆಯಲ್ಲಿ ದ್ರೌಪದಿಯ ಮಾನಭಂಗಕ್ಕೆ ಕೈಯಿಟ್ಟ ದಿನ ಭೀಮನು ಆಡಿದ ಪ್ರತಿಜ್ಞೆಯು ಹದಿಮೂರು ವರ್ಷ ಕೇಳುವವರ ಕಿವಿಯಲ್ಲಿ ಮೊಳಗುತ್ತಲೇ ಇರುವುದು. ದುರ್ಯೋಧನನು ಜ್ವರದಿಂದಲೋ ಹಾವು ಕಚ್ಚಿಯೋ ಸತ್ತನೆಂದು ಕವಿಯು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರೆ ಯಾವ ಶ್ರೋತೃವೂ ಒಪ್ಪುತ್ತಿರಲಿಲ್ಲ. ಕಾರ್ಯಕ್ಕೆ ಫಲವಿರಬೇಕು; ಆ ಫಲವು ಕಣ್ಣಿಗೆ ಕಾಣಬೇಕು. ಇದಲ್ಲದೆ, ಕಡೆಯ ಕಾಳಗವು ಕಲಿತ ವಿದ್ಯೆಗೆ ಒರೆಗಲ್ಲು. ೧೯೮೫ರಲ್ಲಿ ಜಪಾನಿನಿಂದ ಹೊರಬಂದು ಲೋಕಪ್ರಸಿದ್ಧವಾದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟದಲ್ಲಿ ಕಡೆಯ ರಕ್ಕಸನು ಒಂದು ಸೇತುವೆಯ ಮೇಲೆ ನಿಂತಿರುವನು. ಆಟಗಾರನು ಅವನನ್ನು ಹೊಡೆದು ಕೆಡವಲೇಬೇಕೆಂದಿಲ್ಲ. ಅವನನ್ನು ದಾಟಿ ಆಚೆಯ ಕೊಡಲಿಯನ್ನು ಮುಟ್ಟಿದರೆ ಸಾಕು, ಸೇತುವೆ ಕುಸಿದು ರಕ್ಕಸನು ಬೆಂಕಿಯ ಕೊಳ್ಳಕ್ಕೆ ಬೀಳುವನು. ಹಾರುವುದು, ಸಮಯವರಿಯುವುದು ಎಂಬ ಎರಡೇ ವಿದ್ಯೆಗಳನ್ನು ಮೊದಲಿನಿಂದ ಕಲಿಸಿದ ಆಟವು ಕಡೆಯಲ್ಲಿಯೂ ಅವೆರಡನ್ನೇ ಕೇಳುವುದು. ಇಲ್ಲಿ ಬೇಸರಕ್ಕೆ ಎಡೆಯೇ ಇಲ್ಲ.

ಇನ್ನು ಬೇಸರದ ಪಕ್ಷ. ದಾವಣಗೆರೆ, ಹರಿಹರ, ಜಗಳೂರುಗಳ ಸೀಮೆಯಲ್ಲಿ ದೊಡ್ಡಾಟವನ್ನು ನೋಡಿದವರಿಗೆ ಇದರ ಅನುಭವವುಂಟು. ರಾತ್ರಿಯ ಊಟವಾದ ಮೇಲೆ ಅಟ್ಟದ ಮುಂದೆ ಕಂಬಳಿ ಹಾಸಿ ಕುಳಿತ ಜನವು ಸಾರಥಿಯ ಮಾತಿಗೆ ನಗುತ್ತ, ಭಾಗವತನ ಪದಕ್ಕೆ ತಲೆದೂಗುತ್ತ ನಡುರಾತ್ರಿಯವರೆಗೆ ಎಚ್ಚರವಾಗಿರುವುದು. ಕಿರೀಟ ಭುಜಕೀರ್ತಿಗಳ ವೀರರು ಒಬ್ಬರಾದ ಮೇಲೊಬ್ಬರು ಬಂದು ಅದೇ ಹೂಂಕಾರ, ಅದೇ ಕುಣಿತ, ಅದೇ ಬಿರುದಿನ ಮಾತುಗಳನ್ನು ಒಪ್ಪಿಸತೊಡಗಿದರೆ ಮಕ್ಕಳು ತಾಯಂದಿರ ಮಡಿಲಲ್ಲಿ ಮಲಗುವರು, ದೊಡ್ಡವರೂ ತೂಕಡಿಸುವರು. ಖಳನು ಸಾಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ. ಎದ್ದಿರುವವರು ಅರ್ಧ ಜನ ಮಾತ್ರ. ೧೯೯೭ರ ‘ಫೈನಲ್ ಫ್ಯಾಂಟಸಿ’ ಎಂಬ ಆಟಮಾಲೆಯ ಏಳನೆಯದರಲ್ಲಿಯೂ ಕಡೆಯ ಶತ್ರುವು ಪ್ರಯೋಗಿಸುವ ಒಂದು ಅಸ್ತ್ರದ ದೃಶ್ಯವು ಸುಮಾರು ಎರಡು ನಿಮಿಷ ನಡೆಯುವುದು. ಅದೇ ಅಸ್ತ್ರವನ್ನು ಅವನು ಮತ್ತೊಮ್ಮೆ ಬಿಟ್ಟರೆ ಅದೇ ಎರಡು ನಿಮಿಷವನ್ನು ಮತ್ತೊಮ್ಮೆ ನೋಡಬೇಕು. ಮೊದಲ ಸಲ ಬೆರಗು, ಎರಡನೆಯ ಸಲ ಸೈರಣೆ, ಮೂರನೆಯ ಸಲ ಶಿಕ್ಷೆ.

ಒಂಬತ್ತನೆಯ ಶತಮಾನದ ಆನಂದವರ್ಧನನು ಇದರ ಕಾರಣವನ್ನು ಬಹು ಹಿಂದೆಯೇ ತಿಳಿಸಿದ್ದಾನೆ. ಪೂರ್ಣವಾಗಿ ಪೋಷಣೆಯನ್ನು ಹೊಂದಿದ ರಸವನ್ನೇ ಮತ್ತೆ ಮತ್ತೆ ಉದ್ದೀಪಿಸುವುದು ರಸಭಂಗಕ್ಕೆ ಹೇತುವೆಂದು ಧ್ವನ್ಯಾಲೋಕದ ಮತ. ಹಲವು ಸಲ ಮುಟ್ಟಿ ಬಾಡಿದ ಹೂವನ್ನು ಅವನು ಉಪಮಾನವಾಗಿ ತಂದಿರುವನು. ಮಮ್ಮಟನೂ ರಸದೋಷಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದಾನೆ. ಆದುದರಿಂದ ದೋಷವು ಕಾಳಗದ ದೈರ್ಘ್ಯದಲ್ಲಿಲ್ಲ, ಪುನರಾವೃತ್ತಿಯಲ್ಲಿದೆ. ಹೊಸದೇನನ್ನೂ ತಿಳಿಸದ ಹೊಡೆತವು ಎಷ್ಟು ಚಿಕ್ಕದಾದರೂ ಉದ್ದವೇ.

ಆದರೆ ಬೇಸರದ ಹೊಣೆಯೆಲ್ಲವನ್ನೂ ಕವಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ದಾವಣಗೆರೆಯ ದುರ್ಗಾಂಬಿಕೆಯ ಜಾತ್ರೆಯಲ್ಲಿ ಕುಸ್ತಿಗಳು ನಡೆಯುವುವು. ಸಮಬಲರಾದ ಜೋಡಿಯು ಕಣಕ್ಕಿಳಿದಾಗ ಇಬ್ಬರೂ ಕುತ್ತಿಗೆಗೆ ಕೈಕೊಟ್ಟು ಬಹಳ ಹೊತ್ತು ಅಲುಗದೆ ನಿಲ್ಲುವುದುಂಟು. ಕುಸ್ತಿಯನ್ನರಿಯದವನು ಆಕಳಿಸುವನು. ಗರಡಿಯ ಮಣ್ಣು ಮೈಗೆ ತಾಗಿದವನು ಉಸಿರು ಬಿಗಿಹಿಡಿದು ನೋಡುವನು. ಯಾರ ಕಾಲು ಯಾವ ಕಡೆಗೆ ಒಲೆಯುತ್ತಿದೆ, ಯಾರ ಹಿಡಿತ ಸಡಿಲುತ್ತಿದೆ, ಯಾವ ಪಟ್ಟು ಬರಲಿದೆ ಎಂಬುದೆಲ್ಲ ಅವನಿಗೆ ಕಾಣುತ್ತಿರುತ್ತದೆ. ಒಬ್ಬನಿಗೆ ಶೂನ್ಯವಾದ ಗಳಿಗೆಯು ಇನ್ನೊಬ್ಬನಿಗೆ ತುಂಬಿದ ಗಳಿಗೆ. ಸಹೃದಯತೆಯೆಂಬುದು ಕಣಕ್ಕೂ ಬೇಕು, ಕಾವ್ಯಕ್ಕೂ ಬೇಕು, ತೆರೆಯ ಆಟಕ್ಕೂ ಬೇಕು.

ಇಷ್ಟರಿಂದ ಪ್ರಶ್ನೆಯು ತೀರಿದಂತಾಗುವುದಿಲ್ಲ. ಬಲವನ್ನು ಬಲದಿಂದ ಗೆದ್ದರೆ ಮಾತ್ರ ತೃಪ್ತಿಯುಂಟಾಗುವುದೇ ಎಂಬುದನ್ನು ವಿಚಾರಿಸಬೇಕು. ಇದಕ್ಕೆ ಉತ್ತರವು ದಾವಣಗೆರೆಯಿಂದ ಸುಮಾರು ೧೪ ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿಯೇ ಇದೆ. ಹರಿಹರದ ಸ್ಥಳಪುರಾಣದಂತೆ ಪೂರ್ವದಲ್ಲಿ ಆ ಪ್ರದೇಶವು ಗುಹಾರಣ್ಯ. ಗುಹಾಸುರನೆಂಬ ದೈತ್ಯನು ತಪಸ್ಸು ಮಾಡಿ, ಹರಿಯಿಂದಲೂ ಹರನಿಂದಲೂ ತನಗೆ ಸಾವಿಲ್ಲದಂತೆ ಬ್ರಹ್ಮನಿಂದ ವರವನ್ನು ಪಡೆದು ಲೋಕವನ್ನು ಪೀಡಿಸತೊಡಗಿದನು. ಆಗ ಹರಿಯೂ ಹರನೂ ಒಂದೇ ಮೂರ್ತಿಯಾಗಿ ಅವತರಿಸಿ ಅವನನ್ನು ಸಂಹರಿಸಿದರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಥನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಇಂದಿಗೂ ಪೂಜೆಗೊಳ್ಳುವುದು ಆ ಕೂಡಿದ ರೂಪವೇ. ಬಲಭಾಗ ಹರ, ಎಡಭಾಗ ಹರಿ.

ಈ ಕಥೆಯನ್ನು ಕೇವಲ ಸ್ಥಳಮಹಿಮೆಯೆಂದು ಓದದೆ, ಕಡೆಯ ಕಾಳಗದ ಕಥೆಯೆಂದು ಓದಿದರೆ ಒಂದು ಸೂಕ್ಷ್ಮವು ಹೊಳೆಯುವುದು. ಗುಹಾಸುರನನ್ನು ಗೆಲ್ಲಲು ಹರಿಯ ಬಲವು ಇಮ್ಮಡಿಯಾದರೂ ಸಾಲದು. ಹರನ ಬಲವು ನೂರ್ಮಡಿಯಾದರೂ ಸಾಲದು. ಮೊದಲಿದ್ದ ರೂಪದಲ್ಲಿಯೇ ಉಳಿದು, ಮೊದಲಿದ್ದ ಆಯುಧವನ್ನೇ ಇನ್ನಷ್ಟು ಜೋರಾಗಿ ಬೀಸಿದರೆ ಅಲ್ಲಿ ಜಯವಿಲ್ಲ. ಗೆಲ್ಲುವವನೇ ಬದಲಾಗಬೇಕು, ತನ್ನದೆಂಬ ಅರ್ಧವನ್ನು ಬಿಟ್ಟು ಇನ್ನೊಬ್ಬನಿಗೆ ಎಡೆಗೊಡಬೇಕು. ಶೈವವೈಷ್ಣವ ಕಲಹವನ್ನು ಕಂಡ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜನರು ನೆನಪಿನಲ್ಲಿಟ್ಟುಕೊಂಡದ್ದು ಹೊಡೆತಗಳ ಲೆಕ್ಕವನ್ನಲ್ಲ, ಆ ಕೂಡುವಿಕೆಯನ್ನು. ಊರಿಗೆ ಉಳಿದದ್ದೂ ಅದರ ಹೆಸರೇ. ೧೯೯೪ರಲ್ಲಿ ಜಪಾನಿನಲ್ಲಿ ಹೊರಬಂದು ಮುಂದೆ ‘ಅರ್ಥ್‌ಬೌಂಡ್’ ಎಂಬ ಹೆಸರು ಪಡೆದ ಆಟದಲ್ಲಿಯೂ ಕಡೆಯ ಶತ್ರುವು ಆಯುಧಕ್ಕೆ ಬಗ್ಗುವುದಿಲ್ಲ; ದಾರಿಯಲ್ಲಿ ಕಂಡ ಜನರ ಹೃದಯವನ್ನು ಪ್ರಾರ್ಥನೆಯು ಮುಟ್ಟಿದಾಗ ಮಾತ್ರ ಸೋಲುವುದು. ಸಾವಿರಾರು ಹರಿದಾರಿ ದೂರದ ಶಿಲ್ಪಿಗಳಿಗೂ ಸ್ಥಳಪುರಾಣವನ್ನು ಹೇಳಿದವರಿಗೂ ಒಂದೇ ಮರ್ಮವು ಗೋಚರಿಸಿರುವುದು ವಿಚಾರಯೋಗ್ಯವಾಗಿದೆ.

ಇನ್ನು ಶತ್ರುವಿನ ಯೋಗ್ಯತೆಯ ವಿಷಯ. ಬೊಂಬೆಯನ್ನು ಕೆಡವಿದರೆ ಕ್ಷಣಕಾಲದ ಉಬ್ಬು ಹುಟ್ಟೀತು, ತೃಪ್ತಿ ಹುಟ್ಟದು. ಕವಿಚಕ್ರವರ್ತಿ ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಸಾಹಸಭೀಮವಿಜಯವನ್ನು ರಚಿಸಿದನು. ಭೀಮನ ಗೆಲುವೇ ಕಾವ್ಯದ ಗುರಿ. ಹಾಗಿದ್ದರೂ ಅವನು ಗದೆಗಳ ಘರ್ಷಣೆಗೆ ಅವಸರಪಡುವುದಿಲ್ಲ. ಮೊದಲು ದುರ್ಯೋಧನನನ್ನು ಹೆಣಗಳ ಬಯಲಿನಲ್ಲಿ ನಡೆಯಿಸುವನು. ಅಲ್ಲಿ ದ್ರೋಣನುಂಟು, ದುಶ್ಶಾಸನನುಂಟು, ಕರ್ಣನುಂಟು, ಮಗನಾದ ಲಕ್ಷಣಕುಮಾರನುಂಟು. ಹಗೆಯ ಮಗನಾದ ಅಭಿಮನ್ಯುವೂ ಉಂಟು, ಅವನ ಶೌರ್ಯಕ್ಕೆ ಕುರುಪತಿಯು ತಲೆದೂಗುವನು. ಇಷ್ಟನ್ನು ಕಂಡ ವಾಚಕನಿಗೆ ಕಡೆಯ ಕಾಳಗವು ಬರುವಾಗ ಎದುರಿಗೆ ನಿಂತಿರುವವನು ಬರಿಯ ಖಳನಲ್ಲ, ಒಬ್ಬ ಮನುಷ್ಯ. ಅವನು ಬೀಳಬೇಕು ಎಂದು ಬುದ್ಧಿಯು ಹೇಳುವುದು. ಬೀಳುವಾಗ ಹೃದಯವು ನೋಯುವುದು. ಈ ಎರಡೂ ಕೂಡಿದಲ್ಲಿಯೇ ಗದಾಯುದ್ಧದ ತೃಪ್ತಿಯಿದೆ.

ಅದರಲ್ಲಿಯೂ ಒಂದು ಮುಳ್ಳುಂಟು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮನು ತೊಡೆಯನ್ನು ಮುರಿದನು. ಪ್ರತಿಜ್ಞೆ ಉಳಿಯಿತು, ನಿಯಮ ಮುರಿಯಿತು. ಬಲರಾಮನು ನೇಗಿಲನ್ನೆತ್ತಿ ನಿಂತನು. ಭಾಸನ ಊರುಭಂಗವು ಈ ಮುಳ್ಳನ್ನೇ ನಾಟಕವಾಗಿಸಿದೆ. ಅಲ್ಲಿ ಕಾಳಗವನ್ನು ರಂಗದ ಮೇಲೆ ತೋರಿಸುವುದಿಲ್ಲ. ಮೂವರು ಭಟರು ನೋಡಿದಂತೆ ವರ್ಣಿಸಿ ಮುಗಿಸುವರು. ಆಮೇಲಿನದು ನಾಟಕ. ತೊಡೆ ಮುರಿದ ದೊರೆಯು ತೆವಳಿಕೊಂಡು ಬರುವನು. ಬಲರಾಮನ ಕೋಪವನ್ನು ತಾನೇ ತಣಿಸುವನು. ಎಳೆಯ ಮಗನು ಎಂದಿನಂತೆ ತೊಡೆಯೇರಲು ಬಂದರೆ ತಡೆಯಬೇಕಾಗುವುದು. ಹೊಡೆತದ ಲೆಕ್ಕವು ಆಟಕ್ಕೆ ಸಾಕು. ಹೊಡೆತದ ಬೆಲೆಯು ಕಾವ್ಯಕ್ಕೆ ಬೇಕು.

ನಾಗಚಂದ್ರನ ರಾಮಾಯಣದಲ್ಲಿ ಇನ್ನೊಂದು ಬಗೆಯಿದೆ. ಅಲ್ಲಿ ರಾವಣನು ಸೀತೆಯ ಶೀಲಕ್ಕೆ ಮನಸೋತು ಪಶ್ಚಾತ್ತಾಪಪಡುವನು. ಆದರೆ ಆ ಕ್ಷಣದಲ್ಲಿಯೇ ಅವಳನ್ನು ಒಪ್ಪಿಸಿದರೆ ಹೆದರಿದನೆಂದು ಲೋಕವು ನಗುವುದೆಂದು ಬಗೆದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುವೆನೆಂದು ನಿಶ್ಚಯಿಸುವನು. ಜಗಳದ ಕಾರಣವು ಹೃದಯದಲ್ಲಿ ಸತ್ತಿದೆ. ಜಗಳವು ಮಾತ್ರ ಬದುಕಿದೆ. ಕಡೆಯ ಕಾಳಗವೊಂದು ನಡೆಯದೆ ಮುಗಿಯಬಾರದೆಂಬ ಅಭಿಮಾನವೇ ಅವನನ್ನು ಕೊಂದಿತು.

ರಾವಣನ ಈ ಅಭಿಮಾನವು ಲಂಕೆಯಲ್ಲಿ ಮಾತ್ರ ಇರುವುದಲ್ಲ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನವನ್ನು ಹತ್ತುವುದುಂಟು. ಬದುವಿನ ಬೆಲೆಗಿಂತ ವಕೀಲರ ಶುಲ್ಕವು ಹೆಚ್ಚಾದ ಮೇಲೆಯೂ, ಇಬ್ಬರಿಗೂ ಒಳಗೊಳಗೆ ಸಾಕಾದ ಮೇಲೆಯೂ, ‘ಒಂದು ಸಲ ಗೆದ್ದು ತೋರಿಸಿ ಆಮೇಲೆ ಬಿಟ್ಟುಕೊಡುವೆನು’ ಎಂಬ ಛಲವು ಉಳಿಯುವುದು. ಕಥೆಯು ಕಲಿಸಿದ ಆಸೆಯಿದು: ಎದುರಾಳಿಯು ಒಮ್ಮೆ ನೆಲಕ್ಕೆ ಬಿದ್ದರೆ ಎಲ್ಲವೂ ಮುಗಿಯುವುದೆಂಬ ಆಸೆ. ಬಾಳಿನಲ್ಲಿ ತೀರ್ಪಿನ ಮರುದಿನವೂ ಅದೇ ಓಣಿಯಲ್ಲಿ ಅದೇ ಮುಖಗಳನ್ನು ನೋಡಬೇಕು. ವ್ಯಾಸರು ಇದನ್ನು ಮರೆಯಲಿಲ್ಲ. ದುರ್ಯೋಧನನು ಬಿದ್ದ ರಾತ್ರಿಯೇ ಅಶ್ವತ್ಥಾಮನು ಮಲಗಿದ್ದವರನ್ನು ಕೊಂದನು. ಕಡೆಯದೆಂದು ಎಣಿಸಿದ ಕಾಳಗವು ಕಡೆಯದಾಗಲಿಲ್ಲ.

ಹಾಗಾದರೆ ಕಡೆಯ ಕಾಳಗವೇ ಬೇಡವೆನ್ನಬೇಕೆ? ಅದು ಅತಿಮಾತು. ಅನ್ಯಾಯಕ್ಕೆ ಎದುರು ನಿಲ್ಲುವವನಿಗೆ ಒಂದು ಕೊನೆಯ ಎದುರುನಿಲುವು ಬೇಕಾಗುವುದುಂಟು. ಕಥೆಯಲ್ಲಿ ಅದನ್ನು ತೆಗೆದುಬಿಟ್ಟರೆ ಅನ್ಯಾಯವು ಹಾಗೆಯೇ ಕರಗಿಹೋಗುವುದೆಂಬ ಸುಳ್ಳನ್ನು ಕಲಿಸಿದಂತಾಗುವುದು. ಬೇಕಾದುದು ವಿವೇಕ. ಕಾಳಗವು ಹೊಸದನ್ನು ಕೇಳುತ್ತಿದೆಯೇ, ಹಳೆಯ ಹೊಡೆತವನ್ನೇ ಎಣಿಸುತ್ತಿದೆಯೇ ಎಂದು ನೋಡಬೇಕು. ಎದುರಿಗಿರುವವನು ಮನುಷ್ಯನಾಗಿ ಕಾಣುತ್ತಿರುವನೇ ಎಂದು ನೋಡಬೇಕು. ಅವನು ಬಿದ್ದ ಮೇಲೆ ಗೆದ್ದವನು ಮೊದಲಿದ್ದವನೇ ಆಗಿ ಉಳಿದನೇ, ಬೇರೆಯಾದನೇ ಎಂದು ನೋಡಬೇಕು. ಮೂರಕ್ಕೂ ಸರಿಯಾದ ಉತ್ತರ ದೊರೆತರೆ ಇಡೀ ರಾತ್ರಿ ಕುಳಿತರೂ ನಿದ್ರೆ ಬಾರದು. ದೊರೆಯದಿದ್ದರೆ ಎರಡು ನಿಮಿಷವೂ ದೀರ್ಘವೇ.

ಮನೆಯ ಮಕ್ಕಳು ಇಂತಹ ಆಟವನ್ನು ಮುಗಿಸಿ ಎದ್ದಾಗ ‘ಗೆದ್ದೆಯಾ’ ಎಂದು ಕೇಳುವುದು ಹಿರಿಯರ ವಾಡಿಕೆ. ಅದರೊಡನೆ ‘ಹೇಗೆ ಗೆದ್ದೆ, ಸೋತವನು ಯಾರು, ಅವನು ಏತಕ್ಕಾಗಿ ಕಾದಿದನು’ ಎಂದೂ ಕೇಳಿದರೆ ಆಟಕ್ಕೆ ಕಳೆದ ಹೊತ್ತು ವ್ಯರ್ಥವಾಗಲಾರದು. ಹರಿಹರದ ಗುಡಿಗೆ ಅವರನ್ನು ಕರೆದೊಯ್ದ ದಿನ ಗುಹಾಸುರನ ಕಥೆಯನ್ನು ಹೇಳಿ, ಇಬ್ಬರು ದೇವರು ಒಬ್ಬನಾಗಬೇಕಾದ ಕಾರಣವನ್ನು ಅವರಿಂದಲೇ ಹೇಳಿಸಬಹುದು.