ಯಾಣದ ಕಲ್ಲಿನ ಮುಂದೆ ಕಥೆಗೇನು ಕೆಲಸ?

ಕುಮಟಾ ಸೀಮೆಯಲ್ಲಿ ತಾಳಮದ್ದಳೆಯ ಅರ್ಥ ಹೇಳುವವರಿಗೆ ‘ಭಸ್ಮಾಸುರ ಮೋಹಿನಿ’ ಅಂದರೆ ಊರಮನೆಯ ಪ್ರಸಂಗ. ಕೈಲಾಸ, ವೈಕುಂಠ ಎಲ್ಲೋ ಇವೆ. ಆದರೆ ಆ ರಕ್ಕಸ ಸುಟ್ಟು ಬಿದ್ದ ಜಾಗ ಇಲ್ಲೇ, ಸಹ್ಯಾದ್ರಿಯ ಕಾಡೊಳಗಿನ ಯಾಣದಲ್ಲಿದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಅಲ್ಲಿನ ಕರಿ ಬಂಡೆ, ಬುಡದ ಕರಿ ಮಣ್ಣು ಅವನು ಉರಿದ ಗುರುತು. ದೊಡ್ಡ ಬಂಡೆ ಭೈರವೇಶ್ವರ, ಸಣ್ಣದು ಮೋಹಿನಿ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ರಂಗಸ್ಥಳದಲ್ಲಿ ಕಂಡ ನಮ್ಮ ತಲೆಮಾರಿಗೆ ಆ ಬಂಡೆಗಳು ಬರೀ ಬಂಡೆಗಳಾಗಿ ಉಳಿಯಲೇ ಇಲ್ಲ.

ನಾನು ಹಗಲಿಗೆ ಹೈಸ್ಕೂಲಿನ ವಿಜ್ಞಾನ ಮಾಸ್ತರನಾಗಿದ್ದವ, ರಾತ್ರಿಗೆ ಅರ್ಥಧಾರಿ. ಒಂದು ಕೂಟ ಮುಗಿದ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ಕೇಳಿದಳು: “ಮಾಸ್ತರರೇ, ಯಾಣದ್ದು ಸುಣ್ಣದಕಲ್ಲು, ನೀರಿನಡಿ ಕೂಡಿದ ಕಲ್ಲು ಎಂದು ಶಾಲೆಯಲ್ಲಿ ಕಲಿಸಿದವರು ನೀವು. ಅದು ಭಸ್ಮಾಸುರನ ಬೆಂಕಿಗೆ ಕಪ್ಪಾಯಿತು ಎಂದು ಈಗ ಹೇಳಿದವರೂ ನೀವು. ಎರಡರಲ್ಲಿ ಯಾವುದನ್ನು ನಂಬಬೇಕು?” ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಅವಳಿಗೆ ಉತ್ತರ ಬೇಕಿತ್ತು. ಕರಾವಳಿಯ ಕಲೆ, ಭಕ್ತಿ, ಭೂಮಿ ಈ ಮೂರನ್ನೂ ಪ್ರೀತಿಸುವ ಯಾರಿಗೂ ಈ ಪ್ರಶ್ನೆ ಎದುರಾಗದೆ ಇರದು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಮೊದಲು ಕಲ್ಲಿನ ಮಾತು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಎರಡೂ ಕಪ್ಪು ಸುಣ್ಣದಕಲ್ಲು. ಈ ಜಾತಿಯ ಕಲ್ಲು ಬೆಂಕಿಯಲ್ಲಿ ಹುಟ್ಟುವುದಿಲ್ಲ. ನೀರಿನ ತಳದಲ್ಲಿ ಸುಣ್ಣದಂಶ ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಬಿಗಿದು ಕಲ್ಲಾಗುತ್ತದೆ. ಅದನ್ನು ಮತ್ತೆ ಕೆತ್ತುವುದೂ ನೀರೇ. ಮಳೆನೀರು ಗಾಳಿಯಿಂದಲೂ ತರಗೆಲೆ ಕೊಳೆತ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸುವೇ ಆಮ್ಲವಾಗುತ್ತದೆ. ಆ ನೀರು ಬಿರುಕಿಗಿಳಿದು ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ. ಬಿರುಕು ಸಂದಾಗುತ್ತದೆ, ಸಂದು ಗುಹೆಯಾಗುತ್ತದೆ. ಕರಗಿದ ಸುಣ್ಣವನ್ನು ಹೊತ್ತ ಹನಿ ಗುಹೆಯ ಚಾವಣಿಯಲ್ಲಿ ತಡೆದು ನಿಂತು ತೊಟ್ಟಿಕ್ಕುವಾಗ ಒಂದಿಷ್ಟು ಸುಣ್ಣವನ್ನು ಅಲ್ಲೇ ಬಿಟ್ಟು ಬೀಳುತ್ತದೆ. ಸುಣ್ಣದಕಲ್ಲಿನ ಗುಹೆಗಳಲ್ಲಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಕಲ್ಲು ಬೆಳೆಯುವುದು ಹೀಗೆ.

ಈಗ ಭೈರವೇಶ್ವರನ ಗುಹೆಯೊಳಕ್ಕೆ ಬನ್ನಿ. ಬಂಡೆಯ ಬುಡದಲ್ಲಿ ಸ್ವಯಂಭೂ ಲಿಂಗ, ಅದರ ತಲೆಯ ಮೇಲೆ ಬಿರುಕಿನಿಂದ ತೊಟ್ಟಿಕ್ಕುವ ನೀರು. ಭಕ್ತರಿಗೆ ಅದು ಗಂಗೆ. ಶಿವರಾತ್ರಿ ಜಾತ್ರೆಯಲ್ಲಿ ಆ ನೀರನ್ನು ತುಂಬಿಕೊಂಡು ಗೋಕರ್ಣದ ಮಹಾಬಲೇಶ್ವರನ ಅಭಿಷೇಕಕ್ಕೆ ಒಯ್ಯುವ ವಾಡಿಕೆಯೂ ಇದೆ. ಅರ್ಚಕರು ಬಾಗಿಲು ಹಾಕಿ ಮನೆಗೆ ಹೋದ ಮೇಲೂ ನಿಲ್ಲದ ಅಭಿಷೇಕ ಇದು. ಭೂವಿಜ್ಞಾನಿಯನ್ನು ಕರೆದು ಅಲ್ಲಿ ನಿಲ್ಲಿಸಿ. ಅವನು ತೋರಿಸುವುದೂ ಅದೇ ಹನಿಯನ್ನು. ಈ ಗುಹೆಯನ್ನು ಕೊರೆದದ್ದು ಇಂಥ ಹನಿಯೇ, ಮನುಷ್ಯ ಎಂಬ ಪ್ರಾಣಿ ನೆಲದ ಮೇಲೆ ಕಾಲಿಡುವ ಎಷ್ಟೋ ಮೊದಲಿನಿಂದ, ಎನ್ನುತ್ತಾನೆ. ಇದನ್ನು ತಿಳಿದವನ ಕೈ ತಾನಾಗಿ ಮುಗಿಯುತ್ತದೆ. ಹನಿಯ ಲೆಕ್ಕ ಗೊತ್ತಾದ ಮೇಲೆ ನನ್ನ ಭಕ್ತಿ ಹೆಚ್ಚಾಯಿತೇ ಹೊರತು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಇಲ್ಲಿ ಒಂದು ಸುಲಭದ ದಾರಿ ಇದೆ. ಅದನ್ನು ಹಿಡಿಯಬಾರದು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಪುರಾಣದ ಪ್ರಕಾರ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ವಿಜ್ಞಾನ ಹೇಳುತ್ತದೆ. ಎರಡು ಅಂಕಿಗಳು ಹತ್ತಿರ ಬಂದವೆಂದು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಇದು ಪುರಾಣ, ವಿಜ್ಞಾನ ಎರಡಕ್ಕೂ ಅವಮಾನ. ಭೂಮಿಯ ವಯಸ್ಸು ಸಿಕ್ಕಿದ್ದು ಕಲ್ಲಿನೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು. ಕಲ್ಪದ ಲೆಕ್ಕ ಬಂದದ್ದು ಯುಗಗಳನ್ನು ಗುಣಿಸುತ್ತ ಹೋಗಿ, ಮನುಷ್ಯನ ಆಯುಸ್ಸು ಎಷ್ಟು ಕಿರಿದು ಎಂದು ಮನಸ್ಸಿಗೆ ನಾಟಿಸಲು. ನಾಳೆ ಅಳತೆ ಸೂಕ್ಷ್ಮವಾಗಿ ವಿಜ್ಞಾನದ ಅಂಕಿ ಬದಲಾದರೆ ಪುರಾಣ ಸುಳ್ಳಾಯಿತು ಎನ್ನಬೇಕೇ? ಪುರಾಣಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟು ಬೇಡುವವನಿಗೆ ಪುರಾಣದ ಮೇಲೇ ನಂಬಿಕೆ ಇಲ್ಲ.

ಹಾಗಾದರೆ ಕಥೆಗೇನು ಕೆಲಸ? ರಂಗಸ್ಥಳವನ್ನು ನೆನೆಯಿರಿ. ಯಾರ ತಲೆಯ ಮೇಲೆ ಕೈಯಿಡುತ್ತೇನೋ ಅವರು ಬೂದಿಯಾಗಲಿ ಎಂಬ ವರ ಪಡೆದವನು, ವರವನ್ನು ಪರೀಕ್ಷಿಸಲು ಅಟ್ಟಿಸಿಕೊಂಡು ಹೋದದ್ದು ವರ ಕೊಟ್ಟ ಶಿವನನ್ನೇ. ವಿಷ್ಣು ಮೋಹಿನಿಯಾಗಿ ಬರುತ್ತಾನೆ. ನನ್ನಂತೆ ಕುಣಿದರೆ ನಿನ್ನವಳಾಗುತ್ತೇನೆ ಎನ್ನುತ್ತಾಳೆ ಅವಳು. ಅವಳು ಸೊಂಟಕ್ಕೆ ಕೈಯಿಟ್ಟರೆ ಇವನೂ ಇಡುತ್ತಾನೆ, ಅವಳು ಗಲ್ಲಕ್ಕೆ ಬೆರಳು ತಂದರೆ ಇವನೂ ತರುತ್ತಾನೆ. ಚಂಡೆಯ ನಡೆ ಏರುತ್ತದೆ. ಅವಳ ಅಂಗೈ ನಿಧಾನಕ್ಕೆ ತಲೆಯತ್ತ ಹೋಗುತ್ತದೆ. ಸಭೆಯಲ್ಲಿ ಕೂತ ಮಗುವಿಗೂ ಮುಂದಾಗುವುದು ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ, ತನ್ನ ಕೈಯಲ್ಲಿ ಏನಿದೆ ಎಂಬುದನ್ನೇ ಅವನು ಮರೆತಿದ್ದಾನೆ.

ಕಲ್ಲು ಹೇಗಾಯಿತು ಎಂಬುದಕ್ಕೆ ಈ ಕಥೆ ಉತ್ತರವಲ್ಲ, ಆಗಬೇಕಾಗಿಯೂ ಇಲ್ಲ. ಅಂಥ ಕಲ್ಲಿನ ಮುಂದೆ ಮನುಷ್ಯ ಹೇಗೆ ನಿಲ್ಲಬೇಕು ಎಂಬುದಕ್ಕೆ ಇದು ಉತ್ತರ. ನಮ್ಮ ಕಡೆಯ ಗಾದೆ ಹೇಳುವಂತೆ, ಸೊಕ್ಕಿದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ದುರ್ಗಮ ಕಾಡುದಾರಿಯಲ್ಲಿ ಯಾಣ ಹತ್ತಲು ಮೈಯಲ್ಲಿ ಸೊಕ್ಕು ಬೇಕಿತ್ತು. ಹತ್ತಿದ ಮೇಲೆ ಆ ಎತ್ತರದ ಬುಡದಲ್ಲಿ ಸೊಕ್ಕು ಇಳಿಯುತ್ತಿತ್ತು. ಕಲ್ಲು ಮಾಡುವ ಈ ಕೆಲಸವನ್ನೇ ಪ್ರಸಂಗ ಇಡೀ ಊರಿಗೆ ಒಂದು ರಾತ್ರಿಯಲ್ಲಿ ಮಾಡುತ್ತದೆ. ವಿಜ್ಞಾನ ನಮಗೆ ಶಕ್ತಿ ಕೊಡುತ್ತದೆ, ಆ ಶಕ್ತಿಯುಳ್ಳ ಕೈ ಎಲ್ಲಿಗೆ ಹೋಗುತ್ತಿದೆ ನೋಡು ಎಂದು ಕಲೆ ಎಚ್ಚರಿಸುತ್ತದೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ, ಮೇಲೆ ಬಿಡದ ಮಳೆ. ರಸ್ತೆ ಬದಿಯ ಹೋಟೆಲು, ನಿಂತ ವಾಹನಗಳು, ಮನುಷ್ಯರು ಎಲ್ಲ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದರು. ಆ ಮಳೆಗಾಲ ಮುಗಿದ ಮೇಲೆ ನಡೆದ ಕೂಟಗಳಲ್ಲಿ ಭಸ್ಮಾಸುರನ ಅರ್ಥ ಹೇಳುವಾಗ ನನ್ನ ಗಂಟಲು ಕಟ್ಟಿತು. ತಲೆಯ ಮೇಲೆ ಕೈಯಿಟ್ಟುಕೊಳ್ಳುವ ಆ ಗಳಿಗೆಯನ್ನು ನಾವು ಕಥೆಯಲ್ಲಿ ಮಾತ್ರ ನೋಡುತ್ತಿಲ್ಲ.

ಮನುಷ್ಯ ಪ್ರಕೃತಿಯ ಮುಂದೆ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಗೆ ಕಾರವಾರದ ಕಡಲತೀರಕ್ಕೆ ಇನ್ನೊಂದು ಉತ್ತರ ಗೊತ್ತು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ರವೀಂದ್ರರು 1883ರಲ್ಲಿ ಅಲ್ಲಿ ಬಂದು ಉಳಿದಾಗ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಎಲ್ಲ ನಂಟನ್ನೂ ಕಡಿದು, ಪ್ರಕೃತಿಯನ್ನು ಗೆದ್ದೆ ಎಂದುಕೊಂಡ ಸನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ಸೀಮೆಯೊಳಗೇ ಅಸೀಮವನ್ನು ಕಾಣುವ ಸಂತೋಷವೇ ತಮ್ಮ ಮುಂದಿನ ಬರವಣಿಗೆಗೆಲ್ಲ ಮೂಲ, ಈ ನಾಟಕ ಅದಕ್ಕೆ ಮುನ್ನುಡಿ ಎಂಬ ಅರ್ಥದ ಮಾತನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾಳಿ ನದಿಯಲ್ಲಿ ದೋಣಿ, ಬೆಳದಿಂಗಳು, ಮರಳಿನ ಮೇಲೆ ನಡೆದು ಮನೆಗೆ ಬಂದ ರಾತ್ರಿ, ಇವೂ ಅಲ್ಲಿವೆ. ದೇವರನ್ನು ಹುಡುಕಲು ಭೂಮಿಯನ್ನು ಬಿಟ್ಟು ಓಡಬೇಕಿಲ್ಲ ಎಂಬ ಅರಿವು ಅವರಲ್ಲಿ ಮೂಡಿದ ತೀರ ಇದು. ಇಂದು ಆ ತೀರಕ್ಕೆ ಅವರದೇ ಹೆಸರು.

ಅಸೀಮ ಎಂಬುದು ಬರೀ ಕವಿಯ ಮಾತಲ್ಲ. ಮಲ್ಪೆಯಿಂದ ದೋಣಿ ಹಿಡಿದು ಸೇಂಟ್ ಮೇರಿ ದ್ವೀಪಕ್ಕೆ ಹೋಗಿ ನೋಡಿ. ಅಲ್ಲಿನ ಕಲ್ಲುಕಂಬಗಳಿಗೆ ಐದು, ಆರು, ಏಳು ಮುಖ. ಯಾವ ಶಿಲ್ಪಿಯೂ ಉಳಿ ಹಿಡಿಯಲಿಲ್ಲ. ಕುದಿವ ಲಾವಾ ಆರುತ್ತ ಕುಗ್ಗುವಾಗ, ಬೇಸಿಗೆಯಲ್ಲಿ ಒಣಗಿದ ಗದ್ದೆಯ ಮಣ್ಣು ಬಿರಿಯುವಂತೆ, ತಾನೇ ಬಿರಿದು ಕಂಬವಾಯಿತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ನೆಲ ಮಡಗಾಸ್ಕರಿನಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಂಗೈ ಊರಿದರೆ ಒಂದು ಕಂಬದ ತಲೆ ಮುಚ್ಚುವುದಿಲ್ಲ. ಆ ಅಂಗೈಯಡಿ ಇರುವುದು ಎರಡು ನೆಲಗಳು ಅಗಲಿದ ಕಾಲ. ಸೀಮೆಯೊಳಗಿನ ಅಸೀಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಈಗ ಕರಾವಳಿಯ ಉದ್ದಕ್ಕೂ ಉತ್ಸವಗಳು ಬಂದಿವೆ. ಕಡಲತೀರದಲ್ಲಿ ವೇದಿಕೆ, ನೃತ್ಯ, ಸಂಗೀತ, ಮರಳುಶಿಲ್ಪ. ಜನ ಸೇರುವುದು, ಕಲಾವಿದರಿಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಹೊನ್ನಾವರದ ಗುಣವಂತೆಯಲ್ಲಿ ಯಕ್ಷಗಾನದ ಕೆರೆಮನೆಯವರು ನಡೆಸುವ ನಾಟ್ಯೋತ್ಸವದಂಥ ಕಾರ್ಯಕ್ರಮಗಳು ಸಣ್ಣ ಊರಿಗೂ ಶಾಸ್ತ್ರಶುದ್ಧ ಕಲೆಯನ್ನು ತಂದು ತೋರಿಸಿವೆ. ಆದರೆ ಬಹಳಷ್ಟು ಬೀಚ್ ಉತ್ಸವಗಳಲ್ಲಿ ಕಡಲು ಬರೀ ಹಿಂಪರದೆ. ಅದೇ ಹಾಡು, ಅದೇ ಕುಣಿತವನ್ನು ಯಾವ ಮೈದಾನದಲ್ಲಾದರೂ ಮಾಡಬಹುದಿತ್ತು.

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ಇದರ ಪಕ್ಕ ಇಟ್ಟು ನೋಡಿ. ಕೊಯ್ಲು ಮುಗಿದ ಮೇಲೆ, ಹೋಳಿ ಹುಣ್ಣಿಮೆಯ ಹೊತ್ತಿಗೆ, ಹೂವು ಹಕ್ಕಿಗಳ ತುರಾಯಿ ತಲೆಗೇರಿಸಿ ಅವರು ಊರೂರು ಸುತ್ತಿ ಕುಣಿಯುತ್ತಾರೆ. ಗದ್ದೆ, ಕಾಲ, ಕಾಡಿನ ಹಕ್ಕಿ ಮೂರೂ ಇಲ್ಲದೆ ಆ ಕುಣಿತ ಇಲ್ಲ. ಈ ಕಲೆಯನ್ನು ನೆಲದಿಂದ ಕಿತ್ತು ಬೇರೆಡೆ ಇಡಲಾಗದು.

ಇನ್ನೂ ಒಂದು ಸಂಗತಿಯನ್ನು ಉತ್ಸವ ನಡೆಸುವವರು ಮನಸ್ಸಿಗೆ ತೆಗೆದುಕೊಳ್ಳಬೇಕು. ಆಲಿವ್ ರಿಡ್ಲೆ ಕಡಲಾಮೆಗಳು ಉತ್ತರ ಕನ್ನಡದ ಮರಳಿಗೆ ಮೊಟ್ಟೆಯಿಡಲು ಬರುವುದು ಚಳಿಗಾಲದಲ್ಲಿ. ಉತ್ಸವಗಳ ಕಾಲವೂ ಅದೇ. ಮರಿಗಳು ಮೊಟ್ಟೆಯೊಡೆದು ಸಾಮಾನ್ಯವಾಗಿ ರಾತ್ರಿಯೇ ಮರಳಿನಿಂದ ಮೇಲೆ ಬರುತ್ತವೆ. ಕತ್ತಲ ತೀರದಲ್ಲಿ ಹೆಚ್ಚು ಬೆಳಕಿರುವುದು ಕಡಲಿನ ಕಡೆಯ ಬಾನಂಚಿನಲ್ಲಿ. ಅದನ್ನೇ ಗುರಿ ಹಿಡಿದು ನೀರಿಗೆ ಓಡುತ್ತವೆ. ದಡದಲ್ಲಿ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಕಡಲಿಗೆ ಬೆನ್ನು ಹಾಕಿ ಬೆಳಕಿನತ್ತ ಬಂದು ನಾಯಿ, ನರಿ, ಟೈರುಗಳಿಗೆ ಬಲಿಯಾಗುತ್ತವೆ. ವೇದಿಕೆಯ ಮೇಲೆ ದಶಾವತಾರದ ನೃತ್ಯರೂಪಕದಲ್ಲಿ ಕೂರ್ಮನಿಗೆ ಮಂಗಳಾರತಿ ಎತ್ತಿ, ಅದೇ ದೀಪದಿಂದ ಆಮೆಮರಿಗಳ ದಾರಿ ತಪ್ಪಿಸುವುದು ಭಕ್ತಿಯೂ ಅಲ್ಲ, ಕಲೆಯೂ ಅಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಕಲ್ಲು ಎಲ್ಲಿಂದ ಬಂತು ಎಂದು ತಿಳಿಯಬೇಕಾದಾಗ ಭೂವಿಜ್ಞಾನವನ್ನು ನಂಬು, ಅಲ್ಲಿ ಪುರಾಣವನ್ನು ಸಾಕ್ಷಿಗೆ ಕರೆಯಬೇಡ. ಕಲ್ಲಿನ ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಯಬೇಕಾದಾಗ ಕಥೆಯನ್ನು ಕೇಳು. ಎರಡನ್ನೂ ಕೇಳಿಸಿಕೊಂಡವನಿಗೆ ಮಾತ್ರ ಆ ಸ್ಥಳ ಪೂರ್ತಿ ದಕ್ಕುತ್ತದೆ. ತಿಳಿಯುವುದೂ ಪೂಜೆಯ ಒಂದು ಅಂಗವೇ. ಪೂಜಿಸುವ ವಸ್ತುವನ್ನು ತಿಳಿಯಲು ಒಲ್ಲೆ ಎನ್ನುವ ಭಕ್ತಿ ಬರೀ ಅಭ್ಯಾಸ. ತಿಳಿದೂ ತಲೆಬಾಗದ ಜ್ಞಾನ ಬರೀ ಭಸ್ಮಾಸುರನ ವರ.

ಉತ್ಸವ ಸಮಿತಿಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವರ್ಷ ಒಂದು ಸಂಜೆಯನ್ನಾದರೂ ಈ ನೆಲಕ್ಕೆ ಮೀಸಲಿಡಿ. ಭಾಗವತರನ್ನೂ ಭೂವಿಜ್ಞಾನಿಯನ್ನೂ ಒಂದೇ ವೇದಿಕೆಗೆ ಕರೆಯಿರಿ. ಒಬ್ಬರು ಯಾಣದ ಹನಿಯ ಕಥೆ ಹೇಳಲಿ, ಇನ್ನೊಬ್ಬರು ಭಸ್ಮಾಸುರನ ಪದ ಹಾಡಲಿ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರು ಅತಿಥಿಗಳಾಗಿ ಮುಂದಿನ ಸಾಲಿನಲ್ಲಿ ಕೂರಲಿ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಜೌಗುನೆಲದ ಮಾನ್ಯತೆ ಪ್ರಕಟವಾಗಿದೆ. ಅದು ಏಕೆ ಬಂತು ಎಂಬುದನ್ನು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಆಮೆಗಳು ಗೂಡು ಮಾಡುವ ತೀರವಾಗಿದ್ದರೆ ವೇದಿಕೆಯನ್ನು ಊರೊಳಗಿನ ಬಯಲಿಗೆ ಸರಿಸಿ, ಕಡಲಿಗೆ ಮುಖ ಮಾಡಿದ ದೀಪಗಳನ್ನು ಆರಿಸಿ. ಖರ್ಚು ಹೆಚ್ಚಾಗುವುದಿಲ್ಲ, ಉತ್ಸವದ ಕಳೆಯೂ ಕುಂದುವುದಿಲ್ಲ.