ಕೊಟ್ಟ ಮೇಲಿನ ಹೊಣೆ

ಊರಿನ ಆಡಳಿತವು ಶಾಲೆಗೆ ಕೊಡುವುದು ದಾನವೋ ದಾಸೋಹವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬರಿಯ ಪದಜಿಜ್ಞಾಸೆಯಂತೆ ಕಂಡರೂ, ಶಿಕಾರಿಪುರ ಮತ್ತು ಸೊರಬದ ಪೇಟೆ ಕೇರಿಗಳ ಸರ್ಕಾರಿ ಶಾಲೆಗಳ ಮಟ್ಟಿಗೆ ಅದು ಧರ್ಮದ ಪ್ರಶ್ನೆಯೇ ಆಗಿದೆ. ಧರ್ಮಶಾಸ್ತ್ರಕಾರರು ದಾನವನ್ನು ‘ಸ್ವಸ್ವತ್ವನಿವೃತ್ತಿ’ಯ ಮೂಲಕ, ಎಂದರೆ ವಸ್ತುವಿನ ಮೇಲಿನ ತನ್ನ ಒಡೆತನವನ್ನು ಬಿಟ್ಟು ಅದನ್ನು ಪರರದ್ದಾಗಿಸುವ ಕ್ರಿಯೆಯಾಗಿ ವಿವರಿಸುತ್ತಾರೆ; ಆದರೆ ಒಡೆತನ ಕಳೆದಾಗ ಅದರ ಜೊತೆಗೆ ಹೊಣೆಯೂ ಕಳೆದುಹೋಗಬಹುದು.

ಈ ಅಪಾಯವನ್ನು ಇಲ್ಲಿನ ಶಾಸನಗಳು ಅರಿತಿದ್ದವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ 1162ರ ಶಾಸನವು ಅಲ್ಲಿನ ಕೋಡಿಯ ಮಠವನ್ನು ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದ, ಅನಾಥರಿಗೂ ಕುರುಡ ಕುಂಟರಿಗೂ ಅನ್ನ ದೊರೆಯುತ್ತಿದ್ದ, ರೋಗಿಗಳಿಗೆ ಮದ್ದು ಸಿಗುತ್ತಿದ್ದ ಸ್ಥಾನವೆಂದು ಬಣ್ಣಿಸುತ್ತದೆ. ಕಲಿಕೆಯನ್ನೂ ಹಸಿವನ್ನೂ ಬೇರೆ ಬೇರೆ ಇಲಾಖೆಗಳ ವಿಷಯವೆಂದು ಅದು ಭಾವಿಸಲಿಲ್ಲ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ, ಎಂದರೆ ದತ್ತಿಯನ್ನು ಕೆಡಿಸಿದವರಿಗೆ ಶಾಪವನ್ನೂ ಕಾಪಾಡಿದವರಿಗೆ ಪುಣ್ಯವನ್ನೂ ಹೇಳುವ ಭಾಗ, ತಾನು ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಪಾಲಿಸುವುದೇ ಮೇಲೆಂದು ಸಾರುತ್ತದೆ. ಹೊಸ ಕೊಠಡಿಯ ಉದ್ಘಾಟನೆಗೆ ದೊರೆಯುವ ಉತ್ಸಾಹ ಹಳೆಯ ಕೊಠಡಿಯ ಹೆಂಚು ಬದಲಿಸುವುದಕ್ಕೆ ದೊರೆಯದ ಕಡೆಯಲ್ಲೆಲ್ಲ ಈ ವಿವೇಕದ ಕೊರತೆಯೇ ಎದ್ದು ಕಾಣುತ್ತದೆ.

ಸೊರಬದ ಕುಪ್ಪಟೂರಿನಲ್ಲಿ 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಜಿನಾಲಯವೊಂದಕ್ಕೆ ದತ್ತಿ ಬಿಟ್ಟಾಗ, ಅಗ್ರಹಾರದ ಮಹಾಜನರನ್ನು, ಎಂದರೆ ಊರ ಆಡಳಿತ ನಡೆಸುತ್ತಿದ್ದ ಬ್ರಾಹ್ಮಣ ಸಭೆಯವರನ್ನು, ಗೌರವಿಸಿ ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಪಡೆದಳು. ಅಧಿಕಾರವಿದ್ದವಳು ಅನ್ಯಮತದ ಸಭೆಯ ಸಮ್ಮತಿಯನ್ನು ಬಯಸಿದ್ದೂ, ಕಟ್ಟಡಕ್ಕೆ ದಾನಿಯ ಹೆಸರು ನಿಲ್ಲದೆ ಹೋದದ್ದೂ ಸಹಭಾಗಿತ್ವದ ನಿಜವಾದ ಲಕ್ಷಣಗಳು.

ಆದರೂ ಅಗ್ರಹಾರದ ವಿದ್ಯೆ ಎಲ್ಲ ಕೇರಿಗಳ ಮಕ್ಕಳಿಗೆ ತೆರೆದಿರಲಿಲ್ಲ, ಮತ್ತು ಈ ಕೊರತೆಯನ್ನು ಮರೆತು ಹಳೆಯದನ್ನು ಹೊಗಳುವುದು ಅನ್ಯಾಯ. ಇದೇ ನೆಲದ ಬಳ್ಳಿಗಾವೆಯನ್ನು ಅಲ್ಲಮಪ್ರಭುವಿಗೂ ಉಡುತಡಿಯನ್ನು ಅಕ್ಕಮಹಾದೇವಿಗೂ ಪರಂಪರೆ ತವರಾಗಿ ಗುರುತಿಸುತ್ತದೆ; ಅವರ ಕಾಲದ ಶರಣರು ರೂಪಿಸಿದ ದಾಸೋಹದಲ್ಲಿ ಕೊಡುವವನು ತಾನು ಒಡೆಯನಲ್ಲ, ಸೇವಕನೆಂದು ತಿಳಿಯುತ್ತಾನೆ. ಒಡೆತನವಿಲ್ಲದಿದ್ದರೂ ಹೊಣೆ ಉಳಿಯುವುದು ಇಲ್ಲಿಯೇ. ಶಾಲೆಯ ಬಿಸಿಯೂಟಕ್ಕೆ ಕರ್ನಾಟಕವು ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ಸಾರ್ಥಕವಾಗಬೇಕಾದರೆ ಈ ಅರ್ಥ ಅನ್ನದ ತಟ್ಟೆಯಾಚೆಗೂ ಹರಡಬೇಕು.

ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯಿತಿಗಳ ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನು ಹೆಸರಿಸಿದರೆ, ಪಟ್ಟಣಗಳಿಗೆ ಸಂಬಂಧಿಸಿದ ಹನ್ನೆರಡನೆಯದು ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಉತ್ತೇಜನವೆಂಬ ಸಡಿಲವಾದ ಮಾತಿನಲ್ಲಿ ನಿಲ್ಲುತ್ತದೆ. ಈ ಸಡಿಲಿಕೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಬಹುಮಟ್ಟಿಗೆ ಬಿಗಿಗೊಳಿಸಿತು: ಹದಿನಾಲ್ಕು ವರ್ಷದವರೆಗಿನ ಪ್ರತಿ ಮಗುವಿನ ದಾಖಲೆಯನ್ನು ಸ್ಥಳೀಯ ಸಂಸ್ಥೆಯೇ ಇಡಬೇಕೆಂದೂ, ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕೆಂದೂ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ಅದು ವಿಧಿಸುತ್ತದೆ. ಪಡೆಯುವವರನ್ನೇ ಪಾಲಕರನ್ನಾಗಿಸಿದ ಈ ವ್ಯವಸ್ಥೆಯಲ್ಲಿ, ಕೂಲಿಗೆ ಹೋಗುವ ತಾಯಿಯು ಸಮಿತಿಯ ಸಭೆಯಲ್ಲಿ ಶೌಚಾಲಯದ ನೀರಿನ ಬಗ್ಗೆ ಪುರಪಿತೃಗಳನ್ನು ಕೇಳುವ ಪ್ರಶ್ನೆ ಬೇಡಿಕೆಯಲ್ಲ, ದತ್ತಿಯ ಪಾಲನೆ. ಅದಕ್ಕೆ ಉತ್ತರ ಕೊಡುವುದು ಪುರಪಿತೃಗಳ ಉಪಕಾರವೂ ಅಲ್ಲ.